ಉಂಡೆ ಸುಮ್ಮನಿದ್ದ ಹತ್ತು ವರ್ಷ

ಕಳೆದ ತಿಂಗಳು ಒಂದು ಫಾರ್ಮ್ ತುಂಬಲು ಕೂತಿದ್ದೆ. ನಾವಿರುವುದು ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ. ಯಾರಿಗೋ ಬೇಡವಾದ ಹಾವು, ಆಮೆ, ಹಲ್ಲಿ ಜಾತಿಯ ಪ್ರಾಣಿಗಳನ್ನು ತಂದು, ಆರೈಕೆ ಮಾಡಿ, ಮತ್ತೆ ಬೇರೆ ಮನೆಗೆ ಸೇರಿಸುವ ಒಂದು ಸಣ್ಣ ಗುಂಪು ಇಲ್ಲಿದೆ. ಅವರ ಹತ್ತಿರ ಬಿಯರ್ಡೆಡ್ ಡ್ರಾಗನ್ ಅನ್ನುವ, ಓತಿಕ್ಯಾತನಂಥ ಒಂದು ಪ್ರಾಣಿ ಇತ್ತು. ಮೂರು ವರ್ಷದ ಹೆಣ್ಣು. ಹಿಂಗಾಲು ಸ್ವಲ್ಪ ಬಾಗಿದೆ. ಫೋಟೋ ನೋಡಿದಾಗಿನಿಂದ ಮನಸ್ಸು ಅಲ್ಲೇ ಇತ್ತು. ಹೆಸರು, ವಿಳಾಸ, ಮನೆಯಲ್ಲಿ ಎಷ್ಟು ಜನ, ಎಲ್ಲ ಬೇಗ ಬೇಗ ಬರೆದೆ. ಆಮೇಲೆ ಬಂತು ಪ್ರಶ್ನೆ: ಇಂಥ ಪ್ರಾಣಿಗಳನ್ನು ಸಾಕಿದ ಅನುಭವ ಎಷ್ಟು ವರ್ಷ? ಹತ್ತು ಅಂತ ಬರೆದೆ. ಅದು ಸುಳ್ಳಲ್ಲ. 2014ರ ಬೇಸಿಗೆಯಲ್ಲಿ ನಮ್ಮ ಮನೆಗೆ ಒಂದು ಬಾಲ್ ಪೈಥಾನ್ ಹಾವು ಬಂತು. ಇವತ್ತಿಗೂ ಇದೆ. ಆದರೆ ಆ ಅಂಕಿಯನ್ನು ನೋಡ್ತಾ ನೋಡ್ತಾ ಒಂಥರಾ ಕಸಿವಿಸಿ ಶುರುವಾಯಿತು.

ಪುಟ ತಿರುಗಿಸಿದರೆ ಬೇರೆ ಬಗೆಯ ಪ್ರಶ್ನೆಗಳಿದ್ದವು. ಬಿಸಿ ಜಾಗ ಎಷ್ಟು ಬಿಸಿ ಇದೆ ಅಂತ ಯಾವುದರಿಂದ ಅಳೆಯುತ್ತೀರಿ, ಅದನ್ನು ಎಲ್ಲಿ ಇಟ್ಟು ಅಳೆಯುತ್ತೀರಿ? ಕೊನೆಯ ಸಲ ವೆಟ್ (ಪ್ರಾಣಿಗಳ ಡಾಕ್ಟರು) ಹತ್ತಿರ ಹೋದದ್ದು ಯಾವಾಗ, ಯಾಕೆ? ಪ್ರಾಣಿ ಊಟ ಬಿಟ್ಟರೆ ಮೊದಲು ಏನನ್ನು ನೋಡುತ್ತೀರಿ? ಇವಕ್ಕೆ ಈಗ ನನ್ನ ಹತ್ತಿರ ಉತ್ತರ ಇದೆ. 2015ರಲ್ಲಿ ಕೇಳಿದ್ದರೆ ಒಂದಕ್ಕೂ ಇರಲಿಲ್ಲ. ಆದರೂ ಆಗಲೇ ನಾನು ಬೇರೆಯವರಿಗೆ ಸಲಹೆ ಕೊಡುತ್ತಿದ್ದೆ. ಹಾಗಾದರೆ ಆ ಮೊದಲ ವರ್ಷಗಳನ್ನು ಈ ಹತ್ತರಲ್ಲಿ ಸೇರಿಸಬೇಕಾ, ಬಿಡಬೇಕಾ? ಫಾರ್ಮ್ ಅಲ್ಲೇ ಬಿಟ್ಟು ಎದ್ದೆ. ಅಡುಗೆ ಮಾಡುವಾಗಲೂ ಅದೇ ಯೋಚನೆ.

ಹಾವು ಬೇಕು ಅಂದವನು ಮಗ. ಆಗ ಅವನಿಗೆ ಹತ್ತು ವರ್ಷ. ನಾಯಿ ಸಾಕುವಷ್ಟು ಹೊತ್ತು ನಮಗೆ ಇಲ್ಲ ಅಂದಾಗ ಅವನು ಲೈಬ್ರರಿಯಿಂದ ಪುಸ್ತಕ ತಂದು ಮುಂದೆ ಇಟ್ಟ. ಬಾಲ್ ಪೈಥಾನ್ ಅಂದರೆ ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಹೆಬ್ಬಾವು. ವಿಷ ಇಲ್ಲ. ಇಲಿಬಿಲದಲ್ಲಿ, ಹುತ್ತದಲ್ಲಿ ಹಗಲು ಕಳೆದು ರಾತ್ರಿ ಹೊರಬರುತ್ತದೆ. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿಕೊಂಡು ಗಟ್ಟಿಯಾಗಿ ಸುತ್ತಿಕೊಳ್ಳುತ್ತದೆ. ಬಾಲ್ ಅನ್ನುವ ಹೆಸರು ಬಂದದ್ದೇ ಅದರಿಂದ. ಮನೆಗೆ ತಂದ ದಿನ ಅದು ಸುತ್ತಿಕೊಂಡದ್ದು ನೋಡಿ ಮಗ, "ಅಮ್ಮಾ, ಥೇಟ್ ಎಳ್ಳುಂಡೆ" ಅಂದ. ಹಾಗೆ ಉಂಡೆ ಅಂತ ಹೆಸರಾಯಿತು. ತೀರ್ಥಹಳ್ಳಿಯಿಂದ ಫೋನಿನಲ್ಲಿ ಅಮ್ಮ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. "ಮನೆ ಒಳಗೆ ಹಾವು ಇಟ್ಕೊಳ್ಳೋದು ಅಂದ್ರೆ ಏನೇ ಅದು" ಅಂತ ಅಪ್ಪನ ಹತ್ತಿರ ಹೇಳಿ ಅಳುತ್ತಿದ್ದಳಂತೆ.

ಹೊಟ್ಟೆಯ ಕೆಂಪು

2016ರ ಫೆಬ್ರವರಿ. ಉಂಡೆ ಪೊರೆ ಬಿಟ್ಟಿದ್ದ. ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಹಾಲು ಬೆರೆಸಿದ ನೀರಿನ ಹಾಗೆ ನೀಲಿ ಮಬ್ಬಾಗುತ್ತದೆ. ಕೆಲವು ದಿನ ಬಿಟ್ಟು ಮತ್ತೆ ತಿಳಿಯಾಗುತ್ತದೆ. ಆಮೇಲೆ ಒಂದು ರಾತ್ರಿ ಪೊರೆ ಕಳಚುತ್ತದೆ. ಸರಿಯಾಗಿ ಬಿಟ್ಟರೆ ಕಾಲುಚೀಲ ತಿರುವಿ ತೆಗೆದ ಹಾಗೆ ಒಂದೇ ತುಂಡಾಗಿ ಬರಬೇಕು. ಆ ಸಲ ಚೂರು ಚೂರಾಗಿ ಬಂದಿತ್ತು. ಅವನಿರುವ ಗಾಜಿನ ಟ್ಯಾಂಕ್ ಚೊಕ್ಕ ಮಾಡಲು ಅವನನ್ನು ಎತ್ತಿಕೊಂಡೆ. ಹೊಟ್ಟೆಯ ಅಡ್ಡ ಚಿಪ್ಪುಗಳು ಸಾಮಾನ್ಯವಾಗಿ ಬೆಣ್ಣೆಯ ಬಣ್ಣ. ನಡುಭಾಗದಲ್ಲಿ ಸುಮಾರು ಒಂದು ಗೇಣು ಉದ್ದಕ್ಕೆ ಅವು ತಿಳಿ ಗುಲಾಬಿಯಾಗಿದ್ದವು. ಎರಡು ಮೂರು ಕಡೆ ಅಂಚು ಕಂದಾಗಿ ಮುದುರಿತ್ತು. ಒಂದು ಚಿಪ್ಪಿನ ಕೆಳಗೆ ಒದ್ದೆ ಒದ್ದೆ. ಬೆರಳು ತಾಗಿದರೆ ಉಂಡೆ ಎಳೆದುಕೊಳ್ಳಲೂ ಇಲ್ಲ. ನಾಲಿಗೆ ಹೊರಗೆ ಹಾಕುತ್ತಾ ನನ್ನ ಮೊಣಕೈ ಕಡೆ ಹರಿಯುತ್ತಿದ್ದ.

ಹಾವು, ಹಲ್ಲಿ ನೋಡುವ ವೆಟ್ ಎಲ್ಲ ಕಡೆ ಸಿಗುವುದಿಲ್ಲ. ನಲವತ್ತು ನಿಮಿಷ ಕಾರಿನಲ್ಲಿ ಹೋದೆವು. ಆ ಡಾಕ್ಟರು ಹೊಟ್ಟೆ ನೋಡಿದ ತಕ್ಷಣ ಕೇಳಿದ ಮೊದಲ ಪ್ರಶ್ನೆ, ಅವನು ಮಲಗುವ ಜಾಗದ ನೆಲ ಎಷ್ಟು ಬಿಸಿ ಇದೆ? ಮೂವತ್ತೆರಡು ಡಿಗ್ರಿ ಅಂದೆ. ಅದು ಪುಸ್ತಕದಲ್ಲಿ ಇದ್ದ ಅಂಕಿ, ಗಾಜಿನ ಗೋಡೆಗೆ ಅಂಟಿಸಿದ್ದ ದುಂಡು ಮೀಟರ್ ತೋರಿಸುತ್ತಿದ್ದ ಅಂಕಿಯೂ ಅದೇ. ಗೋಡೆಯದ್ದಲ್ಲ, ನೆಲದ್ದು ಎಷ್ಟು, ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬರುವಾಗ ದಾರಿಯಲ್ಲೇ ತಂತಿಯ ತುದಿಯಿಂದ ಅಳೆಯುವ ಒಂದು ಥರ್ಮಾಮೀಟರ್ ತಂದು, ಹಾಸಿದ್ದ ಮರದ ಪುಡಿ ಸರಿಸಿ, ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಮೇಲಿನ ಗಾಜಿಗೆ ಒತ್ತಿ ಹಿಡಿದೆವು. ಅಂಕಿ ಏರುತ್ತಾ ಹೋಯಿತು. 36, 40, 44. 48ಕ್ಕೆ ನಿಂತಿತು. ಮಗ ಏನೂ ಹೇಳದೆ ಎದ್ದು ಹೋಗಿ ಪ್ಲಗ್ ಕಿತ್ತ.

ಉಂಡೆ ಎಷ್ಟೋ ತಿಂಗಳು ಆ ಕಾವಲಿಯ ಮೇಲೆ ಮಲಗಿದ್ದ. ಯಾಕೆ ಎದ್ದು ಹೋಗಲಿಲ್ಲ? ಇದು ಎಲ್ಲರಿಗೂ ಬರುವ ಪ್ರಶ್ನೆ. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ. ಕತ್ತಲಲ್ಲಿ ಇಲಿಯ ಮೈಬಿಸಿಯನ್ನು ಅವುಗಳಿಂದ ಗುರುತು ಹಿಡಿಯುತ್ತದೆ. ಅಷ್ಟು ಸೂಕ್ಷ್ಮ. ಆದರೂ ಹೊಟ್ಟೆಯ ಕೆಳಗೆ ಸುಡುತ್ತಿದ್ದರೆ ಜಾಗ ಬಿಟ್ಟು ಏಳದ ಹಾವುಗಳನ್ನು ವೆಟ್‌ಗಳು ಮತ್ತೆ ಮತ್ತೆ ನೋಡುತ್ತಾರೆ. ಕಾಡಿನಲ್ಲಿ ಬಿಸಿ ಬರುವುದು ಮೇಲಿಂದ, ಬಿಸಿಲಿನಿಂದ. ನೆಲವೇ ಹೀಗೆ ಬಿಡದೆ ಸುಡುವುದು ಅಲ್ಲಿ ಅಪರೂಪ. ಆ ಮ್ಯಾಟ್ ಕೊಟ್ಟ ಅಂಗಡಿಯವರು ಬಿಸಿ ಮಿತಿ ಮೀರದಂತೆ ತಾನಾಗಿ ತಡೆಯುವ ಥರ್ಮೋಸ್ಟಾಟ್ ಏನೂ ಬೇಕಾಗಿಲ್ಲ ಅಂದಿದ್ದರು. ನಾವು ನಂಬಿದೆವು. ಅವರನ್ನು ದೂರಿ ಪ್ರಯೋಜನವಿಲ್ಲ. ದಿನಾ ಆ ಪೆಟ್ಟಿಗೆ ಮುಂದೆ ಕೂರುತ್ತಿದ್ದವರು ನಾವು.

ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಾಡಯಜಿನ್ ಮುಲಾಮು, ದಿನಕ್ಕೊಂದು ಸಲ. ಮರದ ಪುಡಿ ತೆಗೆದು ಬಿಳಿ ಟಿಶ್ಯೂ ಪೇಪರ್ ಹಾಸಿದೆವು, ಗಾಯಕ್ಕೆ ಕಸ ಅಂಟಬಾರದು ಅಂತ. ಮಗ ಉಂಡೆಯ ತಲೆ ಕಡೆ ಹಿಡಿಯುತ್ತಿದ್ದ, ನಾನು ಹತ್ತಿಯಲ್ಲಿ ಮುಲಾಮು ಸವರುತ್ತಿದ್ದೆ. ಪ್ರತಿ ಪೊರೆಗೂ ಗಾಯ ಸ್ವಲ್ಪ ಸ್ವಲ್ಪ ಚಿಕ್ಕದಾಗುತ್ತಾ ಬಂತು. ಪೂರ್ತಿ ಮಾಯಲು ಐದು ಪೊರೆ ಬೇಕಾಯಿತು. ಈಗಲೂ ಮೂರು ಚಿಪ್ಪು ಸೊಟ್ಟಗಿವೆ. ಕೈಯಲ್ಲಿ ಹರಿಯುವಾಗ ಅಂಗೈಗೆ ಅವು ತಾಗುತ್ತವೆ.

ಇದಕ್ಕಿಂತ ಜಾಸ್ತಿ ನನ್ನನ್ನು ಕೊರೆದದ್ದು ಬೇರೆ. ಅದಕ್ಕೆ ನಾಲ್ಕು ತಿಂಗಳು ಮುಂಚೆ ನನ್ನ ಗಂಡನ ಆಫೀಸಿನವರೊಬ್ಬರು ಮಗಳಿಗೆ ಹಾವು ತರುವ ಯೋಚನೆಯಲ್ಲಿದ್ದರು. ನಮ್ಮನ್ನು ಕೇಳಿದರು. ನಾನು ತುಂಬಾ ಧೈರ್ಯವಾಗಿ ಹೇಳಿದ್ದೆ, ಇದೇ ಮ್ಯಾಟ್ ತಗೊಳ್ಳಿ, ಥರ್ಮೋಸ್ಟಾಟ್ ಸುಮ್ನೆ ದುಡ್ಡು ದಂಡ, ನಮ್ಮದು ವರ್ಷದ ಮೇಲಾಯಿತು, ಏನೂ ತೊಂದರೆ ಇಲ್ಲ. ವೆಟ್ ಹತ್ತಿರ ಹೋಗಿ ಬಂದ ರಾತ್ರಿ ಅವರಿಗೆ ಫೋನ್ ಮಾಡಿದೆ. ನಾನು ಹೇಳಿದ್ದು ತಪ್ಪು, ಈಗಲೇ ಪ್ಲಗ್ ತೆಗೆಯಿರಿ, ಹಾವಿನ ಹೊಟ್ಟೆ ನೋಡಿ ಅಂದೆ. ಅವರು ಫೋನ್ ಇಡದೆ ಹೋಗಿ ನೋಡಿದರು. ಆ ಎರಡು ನಿಮಿಷ ಇನ್ನೂ ನೆನಪಿದೆ. ಅವರ ಹಾವಿಗೆ ಏನೂ ಆಗಿರಲಿಲ್ಲ. ಹಾಸು ದಪ್ಪ ಇತ್ತು, ಅದಕ್ಕೆ ಬಚಾವ್.

ಏನೂ ಹೇಳದ ಪ್ರಾಣಿ

ನಾಯಿಯ ಕಾಲು ತುಳಿದರೆ ಕುಂಯ್ ಅನ್ನುತ್ತದೆ. ಹಸುವಿಗೆ ಹುಷಾರಿಲ್ಲದಿದ್ದರೆ ಮೆಲುಕು ನಿಲ್ಲಿಸುತ್ತದೆ, ಸಂಜೆಯೊಳಗೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ನಮ್ಮ ತಪ್ಪನ್ನು ಅವು ಅಂದೇ ತೋರಿಸುತ್ತವೆ. ಅದಕ್ಕೇ ಹಸು ಸಾಕಿದವರ ಹತ್ತು ವರ್ಷಕ್ಕೆ ತೂಕ ಇದೆ. ಹಾವು ಹಾಗಲ್ಲ. ಅದರ ಮೈ ನಿಧಾನ. ತಿಂಗಳುಗಟ್ಟಲೆ ತಿನ್ನದೆ ಇರಬಲ್ಲದು. ಕಾಯಿಲೆ ಬಂದರೂ ಅಡಗಿಸುತ್ತದೆ, ಯಾಕೆಂದರೆ ಕಾಡಿನಲ್ಲಿ ಸುಸ್ತು ತೋರಿಸಿದ ಪ್ರಾಣಿ ಬೇರೆಯವರ ಬಾಯಿಗೆ ಬೀಳುತ್ತದೆ. ಆಮೆಗೆ ತಪ್ಪು ಆಹಾರ, ತಪ್ಪು ತೇವ ಕೊಟ್ಟರೆ ಚಿಪ್ಪು ಗುಡ್ಡೆ ಗುಡ್ಡೆಯಾಗಿ ಏಳುತ್ತದೆ. ಆದರೆ ಅದು ಕಣ್ಣಿಗೆ ಕಾಣಲು ವರ್ಷಗಳು ಬೇಕು. ಕಂಡ ಮೇಲೆ ಸರಿ ಮಾಡಲು ಆಗುವುದಿಲ್ಲ. ಅಂದರೆ ಇಂಥ ಪ್ರಾಣಿಯನ್ನು ಪೂರ್ತಿ ತಪ್ಪಾಗಿ ಸಾಕುತ್ತಾ ಐದು ವರ್ಷ ಕಳೆಯಬಹುದು. ಐದು ವರ್ಷದ ಅನುಭವ ಅಂತ ಹೇಳಿಕೊಳ್ಳಲೂ ಬಹುದು. ಅಲ್ಲಿ ನಮಗೆ ಸಿಕ್ಕಿರುವುದು ಧೈರ್ಯ ಮಾತ್ರ. ತಪ್ಪು ಅಂತ ಹೇಳುವ ಇನ್ನೊಂದು ಏನಾದರೂ ಪಕ್ಕದಲ್ಲಿ ಇರಬೇಕು. ಥರ್ಮಾಮೀಟರ್, ತಕ್ಕಡಿ, ನೋಟ್‌ಬುಕ್, ವೆಟ್, ಯಾವುದಾದರೂ. ಅದಿಲ್ಲದ ವರ್ಷವನ್ನು ಅನುಭವ ಅಂತ ಎಣಿಸಲು ನನಗೆ ಈಗ ಮನಸ್ಸು ಬರುವುದಿಲ್ಲ.

ಗಾಯ ಆದ ಮೇಲೆ ನಾನು ನೋಟ್‌ಬುಕ್ ಇಟ್ಟೆ. ಮಗನ ಸ್ಕೂಲಿನ ಉಳಿದ ಪುಸ್ತಕ. ತಾರೀಖು, ತಿಂದನಾ ಇಲ್ಲವಾ, ತೂಕ, ಪೊರೆ ಇಡಿಯಾಗಿ ಬಂತಾ, ಬಿಸಿ ಕಡೆ ಎಷ್ಟು, ತಂಪು ಕಡೆ ಎಷ್ಟು. ಅಷ್ಟೇ. 2017ರ ನವೆಂಬರಿನಲ್ಲಿ ಉಂಡೆ ಊಟ ಬಿಟ್ಟ. ಫ್ರೀಜರ್‌ನಿಂದ ತೆಗೆದು ಕರಗಿಸಿದ ಇಲಿಯನ್ನು ಇಕ್ಕಳದಲ್ಲಿ ಹಿಡಿದು ತೋರಿಸಿದರೆ ಮುಖ ತಿರುಗಿಸುತ್ತಿದ್ದ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಮಗ ಅಳುವುದೊಂದು ಬಾಕಿ. ಗಂಡು ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ ಹೀಗೆ ಮಾಡುವುದು ಮಾಮೂಲು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಾಮೂಲು ಯಾವುದು, ಕಾಯಿಲೆ ಯಾವುದು ಅಂತ ಮಲಗಿದ ಹಾವನ್ನು ನೋಡಿ ಹೇಳಲು ಬರುವುದಿಲ್ಲ. ಪ್ರತಿ ಭಾನುವಾರ ಪ್ಲಾಸ್ಟಿಕ್ ಡಬ್ಬದಲ್ಲಿ ಕೂರಿಸಿ ತೂಗಿದೆ. ನವೆಂಬರಿನಲ್ಲಿ 1,420 ಗ್ರಾಂ. ಏಪ್ರಿಲಿನಲ್ಲಿ 1,360. ಐದು ತಿಂಗಳಿಗೆ ಅರವತ್ತೇ ಗ್ರಾಂ. ಉಸಿರಾಟದಲ್ಲಿ ಸದ್ದಿಲ್ಲ, ಬಾಯಲ್ಲಿ ನೊರೆಯಿಲ್ಲ. ನಾನು ನಿದ್ದೆ ಮಾಡಿದ್ದು ಆ ತಕ್ಕಡಿಯ ಅಂಕಿ ನೋಡಿ. ಏಪ್ರಿಲ್ ಕೊನೆಗೆ ಒಂದು ರಾತ್ರಿ ಏನೂ ಆಗದವನ ಹಾಗೆ ಇಲಿ ಹಿಡಿದ.

ಇಷ್ಟೆಲ್ಲ ಆದ ಮೇಲೂ ಹತ್ತು ವರ್ಷ ದೊಡ್ಡದೇನಲ್ಲ. ಚೆನ್ನಾಗಿ ನೋಡಿಕೊಂಡರೆ ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು ಬಾಲ್ ಪೈಥಾನ್ 2020ರ ಜುಲೈನಲ್ಲಿ ಏಳು ಮೊಟ್ಟೆ ಇಟ್ಟಿತು. ಆಗ ಅದಕ್ಕೆ 62 ವರ್ಷವಾದರೂ ಆಗಿತ್ತು ಅಂತ ಲೆಕ್ಕ. ಹದಿನೈದು ವರ್ಷಕ್ಕಿಂತ ಜಾಸ್ತಿ ಅದು ಗಂಡಿನ ಹತ್ತಿರ ಹೋಗಿರಲಿಲ್ಲ. ಗಂಡಿಲ್ಲದೆಯೇ ಮೊಟ್ಟೆ ಕಟ್ಟಿತಾ, ಇಲ್ಲ ಎಂದೋ ಕೂಡಿದ ಗಂಡಿನ ವೀರ್ಯವನ್ನು ಉಳಿಸಿಕೊಂಡದ್ದಾ ಅಂತ ತಿಳಿಯಲು ಎರಡು ಮೊಟ್ಟೆಯನ್ನು ಜೀನ್ ಪರೀಕ್ಷೆಗೆ ತೆಗೆದರು. ಸುಮಾರು ಅರವತ್ತು ವರ್ಷ ತಮ್ಮ ಕಣ್ಣೆದುರಿಗೇ ಇದ್ದ ಹಾವು. ಅಲ್ಲಿನವರೂ ಗೊತ್ತು ಅಂತ ಹೇಳಲಿಲ್ಲ, ಪರೀಕ್ಷೆ ಮಾಡಿ ನೋಡೋಣ ಅಂದರು. ನನಗೆ ಅದು ತುಂಬಾ ಇಷ್ಟವಾಯಿತು.

ಅಜ್ಜ ಕಂಡ ಹಾವು

ಅನುಭವ ಅಂದಾಗ ನನಗೆ ಮೊದಲು ನೆನಪಾಗುವುದು ಅಜ್ಜ. ಅಜ್ಜ ಹಾವು ಸಾಕಿದವರಲ್ಲ. ನಮ್ಮ ನೆಲದ ಹಾವನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಕಾಯ್ದೆ ಬಿಡುವುದೂ ಇಲ್ಲ. (ಬೆಂಗಳೂರಿನಿಂದ ಕೆಲವು ಹುಡುಗರು ನನಗೆ ಮೆಸೇಜ್ ಮಾಡಿ ಹಾವು, ನಕ್ಷತ್ರ ಆಮೆ ಸಾಕುವ ಬಗ್ಗೆ ಕೇಳುತ್ತಾರೆ. ದಯವಿಟ್ಟು ಬೇಡ. ಹೊರದೇಶದ ಇಂಥ ಪ್ರಾಣಿ ಈಗಾಗಲೇ ಮನೆಯಲ್ಲಿದ್ದರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕಾಗುತ್ತದೆ, ಅದನ್ನು ನೋಡಿಕೊಳ್ಳಿ.) ಅಜ್ಜ ಹಾವುಗಳ ನಡುವೆ ಬದುಕಿದವರು. ಅರವತ್ತು ಮಳೆಗಾಲ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರು. ಸಂಜೆ ಜಗಲಿಯಲ್ಲಿ ಕೂತಿದ್ದಾಗ ತೋಡಿನ ಕಡೆಯಿಂದ ಕಪ್ಪೆ ಒಂದು ಥರ ಎಳೆದು ಎಳೆದು ಕೂಗಿದರೆ, "ಹಾವಿನ ಬಾಯಿಗೆ ಬಿತ್ತು ನೋಡು" ಅನ್ನುತ್ತಿದ್ದರು. ಬ್ಯಾಟರಿ ಹಿಡಿದು ಹೋದರೆ ನಿಜವಾಗಿ ಹಾಗೇ ಇರುತ್ತಿತ್ತು. ಕೆಲಸದವರು ಕೇರೆ ಹಾವಿಗೆ ದೊಣ್ಣೆ ಎತ್ತಿದರೆ ಓಡಿ ಹೋಗಿ ತಡೆಯುತ್ತಿದ್ದರು. ಅದು ಇದ್ದರೆ ಇಲಿ ಇರಲ್ಲ ಮಾರಾಯ, ಬಿಡು ಅದನ್ನ, ಅನ್ನುತ್ತಿದ್ದರು.

ನನಗೆ ಎಂಟು ವರ್ಷ ಇದ್ದಾಗ ಒಂದು ಬೆಳಿಗ್ಗೆ ತೋಟದ ಅಂಚಿನಲ್ಲಿ ಎರಡು ಹಾವು ಹಗ್ಗ ಹೊಸೆದ ಹಾಗೆ ಹೆಣೆದುಕೊಂಡು ನನ್ನ ಎದೆಯೆತ್ತರಕ್ಕೆ ಎದ್ದು ನಿಂತಿದ್ದವು. ಬೀಳುವುದು, ಮತ್ತೆ ಏಳುವುದು. ಅಜ್ಜ ನನ್ನ ಭುಜ ಒತ್ತಿ ಅಲ್ಲಾಡಬೇಡ ಅಂದರು. ಹೆಗಲ ಮೇಲಿದ್ದ ಬೈರಾಸನ್ನು ನಿಧಾನವಾಗಿ ತೆಗೆದು ಅವುಗಳ ಮೇಲೆ ಬೀಸಿ ಹಾಕಿದರು. ಹಾವು ಬಿಡಿಸಿಕೊಂಡು ಹೋದ ಮೇಲೆ ಅದನ್ನು ಎತ್ತಿ ತಂದು, ಮಡಿಸಿ, ದುಡ್ಡಿನ ಪೆಟ್ಟಿಗೆಯಲ್ಲಿ ಇಟ್ಟರು. "ಒಂದು ನಾಗರ, ಒಂದು ಕೇರೆ. ಜೋಡಿ ಆಡೋದು ನೋಡೋ ಭಾಗ್ಯ ಎಲ್ಲರಿಗೂ ಸಿಗಲ್ಲ ಪುಟ್ಟಿ" ಅಂದರು. ನಾನು ನಂಬಿದೆ. ಅಜ್ಜ ಹೇಳಿದ ಮೇಲೆ ಮುಗಿಯಿತು ಅಲ್ವಾ.

ಇಲ್ಲಿಗೆ ಬಂದು, ಉಂಡೆ ಬಂದ ಮೇಲೆ, ಹಾವಿನ ಬಗ್ಗೆ ಓದಲು ಶುರುಮಾಡಿದಾಗ ಗೊತ್ತಾಯಿತು. ಹಾಗೆ ಹೆಣೆದುಕೊಂಡು ಏಳುವುದು ಎರಡು ಗಂಡು ಕೇರೆ ಹಾವುಗಳು. ಹೆಣ್ಣಿಗಾಗಿ, ಜಾಗಕ್ಕಾಗಿ ಆಡುವ ಕುಸ್ತಿ ಅದು. ನಾಗರಕ್ಕೂ ಕೇರೆಗೂ ಜೋಡಿ ಆಗುವುದೇ ಇಲ್ಲ, ಅವೆರಡೂ ಬೇರೆ ಬೇರೆ ಕುಟುಂಬ. ಎಷ್ಟೋ ದಿನ ನನಗೆ ಇದು ಒಪ್ಪಿಗೆ ಆಗಲಿಲ್ಲ. ಅಜ್ಜನ ಅರವತ್ತು ಮಳೆಗಾಲ ಎಲ್ಲಿ, ಪುಸ್ತಕ ಎಲ್ಲಿ ಅನ್ನಿಸಿತು. ಈಗ ಅನ್ನಿಸುವುದು ಹೀಗೆ. ಕಪ್ಪೆ ಕೂಗಿದಾಗ ಅಜ್ಜ ಬ್ಯಾಟರಿ ಹಿಡಿದು ಹೋಗಿ ನೋಡುತ್ತಿದ್ದರು. ನೂರು ಸಲ ನೋಡಿದ್ದರು. ತಪ್ಪಾಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಹೆಣೆದುಕೊಂಡ ಹಾವು ಗಂಡೋ ಹೆಣ್ಣೋ ಅಂತ ನೋಡುವ ದಾರಿ ಅವರಿಗೆ ಇರಲಿಲ್ಲ, ಅವರ ಅಪ್ಪನಿಂದ ಕೇಳಿದ್ದನ್ನೇ ನನಗೆ ಹೇಳಿದರು. ಒಬ್ಬರೇ ಮನುಷ್ಯ, ಒಂದೇ ತೋಟ. ಒಂದು ವಿಷಯದಲ್ಲಿ ಅವರ ಅನುಭವ ಬಂಗಾರ. ಇನ್ನೊಂದರಲ್ಲಿ ಅದು ಬೆಳೆಯಲೇ ಇಲ್ಲ. ನಮ್ಮ ಘಟ್ಟದ ಕಾಳಿಂಗ ಸರ್ಪವನ್ನೇ ನೋಡಿ. ಎಷ್ಟು ತಲೆಮಾರು ನೋಡಿದೆ ಅದನ್ನು. ಬೇರೆ ಕಡೆಯ ಕಾಳಿಂಗಕ್ಕಿಂತ ಅದು ಬೇರೆಯದೇ ಪ್ರಭೇದ ಅಂತ ಗೊತ್ತು ಮಾಡಿ 'ಒಫಿಯೊಫಾಗಸ್ ಕಾಳಿಂಗ' ಅಂತ ಹೆಸರಿಟ್ಟದ್ದು 2024ರಲ್ಲಿ. ಕನ್ನಡದ ಹೆಸರೇ ಅದಕ್ಕೆ ಸೇರಿತು ಅಂತ ಓದಿದ ದಿನ ಅಜ್ಜ ಇರಬೇಕಿತ್ತು ಅನ್ನಿಸಿತು.

ಹೆಡೆ ಎತ್ತಿದ ನಾಗರದ ಮುಂದೆ ಕೈ ಆಡಿಸುವ ವಿಡಿಯೊಗಳನ್ನು ಅನುಭವ ಅಂತ ತೋರಿಸುವವರ ಬಗ್ಗೆ ನನಗೆ ಹೇಳುವುದು ಕಮ್ಮಿ. ಅಲ್ಲಿ ಹಾವಿಗೆ ಏನಾಗುತ್ತಿದೆ ಅನ್ನುವ ಮಾತೇ ಇರುವುದಿಲ್ಲ. ಸಾಕುವವರ ಕೆಲಸ ತೊಂಬತ್ತು ಭಾಗ ಹಾವನ್ನು ಮುಟ್ಟದೆ ನಡೆಯುವಂಥದ್ದು. ನೀರು ಬದಲಿಸುವುದು, ಅಳೆಯುವುದು, ಬರೆಯುವುದು, ಕಾಯುವುದು.

ಆ ಫೆಬ್ರವರಿ

2021ರ ಫೆಬ್ರವರಿ ಟೆಕ್ಸಾಸ್‌ನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಶನಿವಾರ 13ನೇ ತಾರೀಖು ಉಂಡೆಗೆ ಊಟದ ದಿನ. ಮಗ ಇಲಿ ಹೊರಗೆ ತೆಗೆಯಲು ಹೊರಟಿದ್ದ. ಬೇಡ, ಈ ವಾರ ಬಿಡೋಣ ಅಂದೆ. ಯಾಕೆ ಅಂದ. 2019ರ ಪುಟ ತೆಗೆದು ತೋರಿಸಿದೆ. ಆ ಜನವರಿಯಲ್ಲಿ ಉಂಡೆ ಇಲಿ ತಿಂದ ಮಾರನೇ ದಿನ ಹೀಟ್ ಮ್ಯಾಟ್ ಕೆಟ್ಟಿತ್ತು, ನಮಗೆ ಗೊತ್ತಾಗುವಷ್ಟರಲ್ಲಿ ಪೆಟ್ಟಿಗೆ 19 ಡಿಗ್ರಿಗೆ ಇಳಿದಿತ್ತು. ಮೂರನೇ ದಿನ ಇಡೀ ಇಲಿಯನ್ನು ಅರ್ಧ ಕೊಳೆತ ಹಾಗೆ ಹೊರಗೆ ಹಾಕಿದ್ದ. ಆ ವಾಸನೆ ಮರೆಯುವಂಥದ್ದಲ್ಲ. ಹಾವಿಗೆ ಅರಗಬೇಕಾದರೆ ಹೊರಗಿನ ಬಿಸಿ ಬೇಕು. ಬಿಸಿ ತಪ್ಪಿದರೆ ಊಟ ಹೊಟ್ಟೆಯಲ್ಲೇ ಕೆಡುತ್ತದೆ. ಚಳಿ ಜೋರಾಗಿ ಬರುತ್ತಿದೆ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಕರೆಂಟ್ ಹೋಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಹೀಟರ್ ಏನಾದರೂ ಕೈ ಕೊಟ್ಟರೆ ಅನ್ನುವಷ್ಟೇ ಮನಸ್ಸಿನಲ್ಲಿ ಇದ್ದದ್ದು. ಇಲಿ ಫ್ರೀಜರ್‌ನಲ್ಲೇ ಉಳಿಯಿತು.

ಸೋಮವಾರ ಬೆಳಗಿನ ಜಾವ ಕರೆಂಟ್ ಹೋಯಿತು. ಹೊರಗೆ ಹಿಮ. ರಾತ್ರಿಯ ಹೊತ್ತಿಗೆ ಮನೆ ಒಳಗೇ 8 ಡಿಗ್ರಿ. ಮಾರನೇ ದಿನ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ದಾಖಲಾಯಿತು. ರಾಜ್ಯದಲ್ಲಿ ಲಕ್ಷಾಂತರ ಮನೆ ಕತ್ತಲಲ್ಲಿ. ನಮ್ಮ ಪುಣ್ಯಕ್ಕೆ ಒಲೆ ಗ್ಯಾಸಿನದ್ದು. ಕಡ್ಡಿ ಗೀರಿ ಹಚ್ಚಿ ನೀರು ಕಾಯಿಸಿದೆ. ಉಂಡೆಯನ್ನು ಹತ್ತಿಯ ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಥರ್ಮೋಕೋಲ್ ಡಬ್ಬದ ಒಂದು ಮೂಲೆಯಲ್ಲಿ ಇಟ್ಟೆವು. ಇನ್ನೊಂದು ಮೂಲೆಗೆ ಬಿಸಿನೀರಿನ ಎರಡು ಬಾಟಲಿ, ಟವೆಲ್ ಸುತ್ತಿ. ನಡುವೆ ಇನ್ನೊಂದು ಟವೆಲ್ ಅಡ್ಡ, ಮೈಗೆ ತಾಗಬಾರದು ಅಂತ. ಥರ್ಮಾಮೀಟರಿನ ತಂತಿ ಚೀಲದ ಪಕ್ಕ. ಅಂಕಿ 24ಕ್ಕೆ ಇಳಿದರೆ ನೀರು ಬದಲಿಸುವುದು. ಅದು ಹೆಚ್ಚು ಕಮ್ಮಿ ಮೂರು ಗಂಟೆಗೊಮ್ಮೆ ಆಗುತ್ತಿತ್ತು. ನೀರು ಕಾಯುವ ಹೊತ್ತು ಮಗ ಚೀಲವನ್ನು ಸ್ವೆಟರ್ ಒಳಗೆ ಹೊಟ್ಟೆಗೆ ಒತ್ತಿಕೊಂಡು, ಎರಡು ಕಂಬಳಿ ಹೊದ್ದು ಕೂರುತ್ತಿದ್ದ. "ಅಮ್ಮಾ, ಉಸಿರಾಡ್ತಾ ಇದ್ದಾನೆ, ಗೊತ್ತಾಗ್ತಿದೆ" ಅನ್ನುತ್ತಿದ್ದ. ಬಾಟಲಿಯನ್ನು ನೇರ ಇಡಬಾರದು ಅನ್ನುವ ಬುದ್ಧಿ ಎಲ್ಲಿಂದ ಬಂತು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಯಾರೂ ಅದರ ಮಾತು ಎತ್ತಲಿಲ್ಲ.

ಬುಧವಾರ ಮಧ್ಯಾಹ್ನ ಕರೆಂಟ್ ಬಂತು. ಪೆಟ್ಟಿಗೆ ಪೂರ್ತಿ ಬಿಸಿಯಾಗಲು ಬಿಟ್ಟು ಸಂಜೆ ಉಂಡೆಯನ್ನು ಒಳಗೆ ಬಿಟ್ಟೆವು. ಎರಡು ವಾರ ಊಟ ಕೊಡಲಿಲ್ಲ. ಉಸಿರಾಟದ ಸೋಂಕು ಬರಬಹುದು ಅಂತ ದಿನಾ ಕಿವಿ ಹತ್ತಿರ ಹಿಡಿದು ಕೇಳಿದೆ. ಏನೂ ಆಗಲಿಲ್ಲ. ಆ ಮೂರು ದಿನವನ್ನು ನೆನೆದರೆ ನನಗೆ ದೊಡ್ಡದಾಗಿ ಕಾಣುವುದು ಬಿಸಿನೀರಿನ ರಾತ್ರಿಗಳಲ್ಲ. ಅದನ್ನು ಯಾರಾದರೂ ಮಾಡುತ್ತಿದ್ದರು. ಶನಿವಾರ ಇಲಿ ಬೇಡ ಅಂದೆನಲ್ಲ, ಅದು. ಯಾರ ಕಣ್ಣಿಗೂ ಕಾಣದ, ಎರಡು ಸೆಕೆಂಡಿನ ಮಾತು. ಅದಕ್ಕೆ ಹಿಂದೆ ಒಂದು ಕೊಳೆತ ಇಲಿ ಮತ್ತು ಬರೆದಿಟ್ಟ ಒಂದು ಸಾಲು ಬೇಕಾಯಿತು.

ಓತಿಕ್ಯಾತನ ನೆಂಟಳು

ಈಗ ಮತ್ತೆ ಫಾರ್ಮಿಗೆ ಬರುತ್ತೇನೆ. ಫ್ಲಾರಿಡಾದಲ್ಲಿ ವಿಷದ ಹಾವು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಅದಕ್ಕೆ ಕೇಳುವವರು ಒಂದು ವರ್ಷಕ್ಕೆ ಕಮ್ಮಿಯಿಲ್ಲದೆ, ಕನಿಷ್ಠ 1,000 ಗಂಟೆ ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಬೇಕು. ಅದೂ ಅದೇ ಕುಟುಂಬಕ್ಕೆ ಸೇರಿದ ಹಾವಿನ ಜೊತೆ. ಮಂಡಲದ ಜಾತಿಯ ಹಾವಿನ ಜೊತೆ ಕಳೆದ ಗಂಟೆ ನಾಗರದ ಲೆಕ್ಕಕ್ಕೆ ಬರುವುದಿಲ್ಲ. ಗಂಟೆ ಎಣಿಸಿದರೆ ಬುದ್ಧಿ ಅಳೆದ ಹಾಗಾಗುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ಆ ಎರಡನೇ ಮಾತು ಸರಿ. ಒಂದು ಪ್ರಾಣಿಯ ಅನುಭವ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ. ಉಂಡೆಗೆ ಎರಡು ಮೂರು ವಾರಕ್ಕೊಂದು ಇಲಿ ಸಾಕು, ಬೆಳಕು ಬೇಡ, ಕತ್ತಲ ಗೂಡು ಬೇಕು. ಬಿಯರ್ಡೆಡ್ ಡ್ರಾಗನ್ ಆಸ್ಟ್ರೇಲಿಯಾದ ಒಣ ಬಯಲಿನದು, ನಮ್ಮ ಓತಿಕ್ಯಾತನ ಕುಟುಂಬ. ಅದಕ್ಕೆ ಹಗಲು ಪೂರ್ತಿ ಬೆಳಕು, 40 ಡಿಗ್ರಿ ಹತ್ತಿರದ ಬಿಸಿಲು ಜಾಗ, ದಿನಾ ಸೊಪ್ಪು, ಆಗಾಗ ಹುಳ. ಎಲ್ಲಕ್ಕಿಂತ ಮುಖ್ಯ ಯುವಿಬಿ, ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ. ಅದು ಸಿಗದಿದ್ದರೆ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ, ಸುಣ್ಣದ ಅಂಶ ಮೂಳೆಗೆ ಸೇರುವುದಿಲ್ಲ. ಮೂಳೆ ಮೆತ್ತಗಾಗುತ್ತದೆ, ದವಡೆ ರಬ್ಬರಿನ ಹಾಗೆ ಬಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ನಾನು ಫೋಟೋದಲ್ಲಿ ನೋಡಿದ ಹಿಂಗಾಲು ಹಾಗೆ ಆದದ್ದು.

ಹತ್ತು ಅಂತ ಬರೆದದ್ದರ ಪಕ್ಕದಲ್ಲಿ 'ಬಾಲ್ ಪೈಥಾನ್ ಮಾತ್ರ, ಒಂದೇ ಹಾವು' ಅಂತ ಸೇರಿಸಿದೆ. ಹೊಟ್ಟೆ ಸುಟ್ಟದ್ದನ್ನೂ ಬರೆದೆ. ಇಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಗುಂಪಿನ ಹೆಂಗಸೊಬ್ಬರು ಫೋನ್ ಮಾಡಿ, ಕೊಡುವ ಮುಂಚೆ ನಾಲ್ಕು ಶನಿವಾರ ಬಂದು ನಮ್ಮ ಜೊತೆ ಕೆಲಸ ಮಾಡ್ತೀರಾ ಅಂತ ಕೇಳಿದರು. ಖಂಡಿತ ಅಂದೆ.

ಮೊದಲ ಶನಿವಾರ ಅವರು ಒಂದು ಪುಟ್ಟ ಮೀಟರ್ ಕೈಗೆ ಕೊಟ್ಟರು. ಎರಡು ಪೆಟ್ಟಿಗೆ, ಎರಡು ಟ್ಯೂಬ್ ಲೈಟ್. ಎರಡೂ ಒಂದೇ ಥರ ಬೆಳಗುತ್ತಿದ್ದವು. ಯಾವುದು ಹಳೆಯದು ಹೇಳಿ ನೋಡೋಣ ಅಂದರು. ಎಷ್ಟು ಹೊತ್ತು ನೋಡಿದರೂ ನನಗೆ ಗೊತ್ತಾಗಲಿಲ್ಲ. ಡ್ರಾಗನ್ ಬಿಸಿಲು ಕಾಯುವ ಕಲ್ಲಿನ ಮೇಲೆ ಮೀಟರ್ ಹಿಡಿದರೆ ಯುವಿ ಅಂಕಿ ಒಂದರಲ್ಲಿ 3.8, ಇನ್ನೊಂದರಲ್ಲಿ 0.4. ಟ್ಯೂಬ್ ಬೆಳಕು ಕೊಡುತ್ತಲೇ ಇರುತ್ತದೆ, ಒಳಗಿನ ಯುವಿ ಮಾತ್ರ ತಿಂಗಳು ತಿಂಗಳಿಗೆ ಇಳಿಯುತ್ತದೆ. ಈ ಡ್ರಾಗನ್‌ನ ಹಳೇ ಮನೆಯಲ್ಲಿ ಆದದ್ದೂ ಅದೇ ಅಂತೆ. ಅವರು ಲೈಟ್ ಹಾಕುತ್ತಿದ್ದರು, ತಪ್ಪದೆ, ದಿನಾ. ಕೆಟ್ಟವರಲ್ಲ ಪಾಪ.

ಆಮೇಲೆ ಅವಳನ್ನು ಎತ್ತುವುದು ಹೇಗೆ ಅಂತ ತೋರಿಸಿದರು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಆ ಬಾಗಿದ ಕಾಲಿನ ಕೆಳಗೆ. ಹೆಬ್ಬೆರಳಿಂದ ಕೆಳದವಡೆಯ ಅಂಚನ್ನು ಮೆಲ್ಲಗೆ ಒತ್ತಿ ನೋಡಲು ಹೇಳಿದರು. ಗಟ್ಟಿಯಾಗಿದೆ. ಈಗ ಎಂಟು ತಿಂಗಳಿಂದ ಸರಿಯಾದ ಬೆಳಕಿನಲ್ಲಿ ಇದ್ದಾಳೆ. ಕೆಳಗೆ ಬಿಟ್ಟಾಗ ಕಲ್ಲಿನ ಮೇಲೆ ಹತ್ತಿ, ಒಂದು ಮುಂಗಾಲನ್ನು ಎತ್ತಿ ನಿಧಾನವಾಗಿ ಗಾಳಿಯಲ್ಲಿ ತಿರುಗಿಸಿದಳು. ನನಗೆ ಟಾಟಾ ಮಾಡುತ್ತಿದ್ದಾಳೆ ಅನ್ನಿಸಿತು. ಹಾಗಲ್ಲವಂತೆ. ನಾನು ನಿನಗಿಂತ ಸಣ್ಣವಳು, ನನ್ನ ಮೇಲೆ ಬರಬೇಡ ಅಂತ ಹೇಳುವ ರೀತಿಯಂತೆ ಅದು. ಒಂದು ಹೆಜ್ಜೆ ಹಿಂದೆ ಸರಿದೆ. ಮನೆಗೆ ಬಂದು ಹೊಸ ನೋಟ್‌ಬುಕ್ ತೆಗೆದು ತಾರೀಖು ಹಾಕಿ ಬರೆದೆ: 412 ಗ್ರಾಂ. ದವಡೆ ಗಟ್ಟಿ. ಸೊಪ್ಪು ತಿಂದಳು, ಹುಳ ಬಿಟ್ಟಳು. ಕೈ ಎತ್ತಿದಳು, ಹೆದರಿದ್ದಾಳೆ.